ಮಾತ್ರೆ ಬಿಡಬೇಕು, ಡಾಕ್ಟರಿಗೆ ಹೇಗೆ ಹೇಳಲಿ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮೂವತ್ತೈದರ ಆಸುಪಾಸಿನ ಮಹಿಳೆ. ಖಿನ್ನತೆಗೆಂದು ಎರಡು ವರ್ಷದಿಂದ ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದರು. ಒಂದು ವರ್ಷದಿಂದ ನಿದ್ದೆ, ಊಟ, ಕೆಲಸ ಎಲ್ಲ ಸರಿಯಿತ್ತು. ಇನ್ನು ಸಾಕು ಅನ್ನಿಸಿ, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರು. ಮೂರನೇ ದಿನಕ್ಕೆ ತಲೆಸುತ್ತು, ವಾಕರಿಕೆ. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಸಣ್ಣದಕ್ಕೂ ಸಿಟ್ಟು, ಅಳು. ಹೆದರಿ ಮತ್ತೆ ಮಾತ್ರೆ ಶುರು ಮಾಡಿದರು. ಎರಡೇ ದಿನದಲ್ಲಿ ಎಲ್ಲ ತಣ್ಣಗಾಯಿತು.

ಆಪ್ತಸಲಹೆಗೆಂದು ನನ್ನ ಬಳಿ ಬರುವಷ್ಟರಲ್ಲಿ ಅವರ ತೀರ್ಮಾನ ಗಟ್ಟಿಯಾಗಿತ್ತು. "ಕಾಯಿಲೆ ವಾಸಿಯೇ ಆಗಿಲ್ಲ ಮೇಡಂ. ಮಾತ್ರೆಯ ಚಟ ಹತ್ತಿಬಿಟ್ಟಿದೆ, ಅಲ್ವಾ?" ಡಾಕ್ಟರಿಗೆ ಹೇಳಿದಿರಾ ಎಂದು ಕೇಳಿದರೆ, "ಬೈತಾರೆ" ಅಂದರು.

ಆ "ಎರಡೇ ದಿನ" ಎಂಬುದನ್ನೇ ನಾನು ಹಿಡಿದುಕೊಂಡೆ. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರ, ತಿಂಗಳುಗಳಲ್ಲಿ ಮೆಲ್ಲಗೆ ಮರಳುತ್ತದೆ. ಆಗ ಮಾತ್ರೆ ಶುರು ಮಾಡಿದರೂ ಗುಣ ಕಾಣಲು ವಾರಗಳು ಬೇಕು. ಮಾತ್ರೆ ತಟ್ಟನೆ ನಿಲ್ಲಿಸಿದ್ದರಿಂದ ಆಗುವ ತೊಂದರೆ ಹೆಚ್ಚಾಗಿ ಕೆಲವೇ ದಿನಗಳಲ್ಲಿ ಶುರುವಾಗಿ, ಮಾತ್ರೆ ತೆಗೆದುಕೊಂಡರೆ ಬೇಗ ಇಳಿಯುತ್ತದೆ. ತಲೆಯಲ್ಲಿ ಕರೆಂಟ್ ಹೊಡೆದಂತಾಗುವುದು ಅವರ ಹಳೆಯ ಖಿನ್ನತೆಯಲ್ಲಿ ಇರಲೇ ಇಲ್ಲ. ಚಟವೂ ಅಲ್ಲ. ಇನ್ನೂ ಬೇಕು ಎಂಬ ಹಂಬಲ ಅವರಿಗೆ ಯಾವತ್ತೂ ಬಂದಿರಲಿಲ್ಲ. ದೇಹ ಔಷಧಕ್ಕೆ ಒಗ್ಗಿಕೊಂಡಿತ್ತು, ಅಷ್ಟೇ. ಆದರೆ ಅಳು, ಆತಂಕ, ನಿದ್ದೆಗೇಡು ಖಿನ್ನತೆ ಮರಳಿದಾಗಲೂ ಬರುತ್ತವೆ, ಮಾತ್ರೆ ಬಿಟ್ಟಾಗಲೂ ಬರುತ್ತವೆ. ಕೆಲವರಿಗೆ ಮಾತ್ರೆ ಬಿಟ್ಟದ್ದರ ತೊಂದರೆಯೇ ತಿಂಗಳುಗಟ್ಟಲೆ ಇರುತ್ತದೆ. ಅದಕ್ಕೇ ಒಬ್ಬರೇ ನಿರ್ಧರಿಸಬಾರದು.

ಮಾತ್ರೆಯ ಪ್ರಮಾಣ ಬದಲಿಸುವುದು ನನ್ನ ಕೆಲಸವಲ್ಲ. ಡಾಕ್ಟರ ಮುಂದೆ ಮಾತಾಡಲು ಅವರನ್ನು ಸಜ್ಜು ಮಾಡುವುದು ನನ್ನ ಕೆಲಸ. ಒಂದು ಹಾಳೆಯಲ್ಲಿ ಬರೆಸಿದೆ: ಎಂದು ನಿಲ್ಲಿಸಿದ್ದು, ಯಾವ ದಿನ ಏನಾಯಿತು, ಈ ಹಿಂದೆ ಎಷ್ಟು ಸಲ ಖಿನ್ನತೆ ಬಂದಿತ್ತು. ಬಾಯಲ್ಲೂ ಹೇಳಿಸಿದೆ. "ಡಾಕ್ಟರೇ, ನಿಮಗೆ ಹೇಳದೆ ಮಾತ್ರೆ ನಿಲ್ಲಿಸಿದ್ದೆ, ಹೀಗೆಲ್ಲ ಆಯಿತು. ನಿಧಾನವಾಗಿ ಬಿಡುವ ಆಸೆಯಿದೆ. ಇದು ಸರಿಯಾದ ಸಮಯವೇ?" ಮೊದಲ ಸಲ ಕಣ್ಣಲ್ಲಿ ನೀರು ಬಂತು. ಆಮೇಲೆ ಮಾತು ಸರಾಗವಾಯಿತು.

ಈಗ ಬೇಡ ಎಂದು ಡಾಕ್ಟರ್ ಹೇಳಬಹುದು, ಅದಕ್ಕೂ ತಯಾರಿರಿ ಎಂದೆ. ಮತ್ತೆ ಮತ್ತೆ ಖಿನ್ನತೆ ಬಂದವರಿಗೆ ಹೆಚ್ಚು ಕಾಲ ಔಷಧ ಬೇಕಾಗುತ್ತದೆ. ದಿನ ಬಿಟ್ಟು ದಿನ ನುಂಗುವ ಉಪಾಯವನ್ನು ಸ್ನೇಹಿತೆ ಹೇಳಿದ್ದರಂತೆ. ಅದನ್ನು ಖಂಡಿತ ಬೇಡವೆಂದೆ. ರಕ್ತದಲ್ಲಿ ಔಷಧ ಏರಿಳಿದು ತೊಂದರೆ ಜಾಸ್ತಿಯಾಗಬಹುದು.

ಡಾಕ್ಟರ್ ಬೈಯಲಿಲ್ಲ. ಈ ಮಹಿಳೆಗೆ ಖಿನ್ನತೆ ಬಂದಿದ್ದು ಒಂದೇ ಸಲ, ಈಗ ಮನೆಯಲ್ಲೂ ನೆಮ್ಮದಿಯಿದೆ ಎಂದು ಕೇಳಿ ಒಪ್ಪಿದರು. ಮೊದಲು 7.5, ನಾಲ್ಕು ವಾರದ ನಂತರ 5 ಮಿಲಿಗ್ರಾಂ. ಅಲ್ಲಿಂದ ಕೆಳಗೆ ಇನ್ನೂ ಸಣ್ಣ ಹೆಜ್ಜೆ. ಕೊನೆಯ ಕೆಲವು ಮಿಲಿಗ್ರಾಂ ಬಿಡುವುದೇ ಕಷ್ಟ, ಏಕೆಂದರೆ ಸಣ್ಣ ಡೋಸ್ ಕೂಡ ಮೆದುಳಿನ ಮೇಲೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿರುತ್ತದೆ. (ಇದು ಅವರಿಗಾಗಿ ಹಾಕಿದ ಲೆಕ್ಕ. ನಿಮ್ಮದು ಬೇರೆ ಇರುತ್ತದೆ.)

5ಕ್ಕೆ ಇಳಿಸಿದಾಗ ತಲೆಸುತ್ತು ಮರಳಿತು. ಈ ಸಲ ಅವರು ಡಾಕ್ಟರಿಗೆ ಫೋನ್ ಮಾಡಿದರು. ಅದೇ ಡೋಸ್‌ನಲ್ಲಿ ಇನ್ನಷ್ಟು ವಾರ ಮುಂದುವರಿಯಲು ಡಾಕ್ಟರ್ ಹೇಳಿದರು, ತಲೆಸುತ್ತು ಕಡಿಮೆಯಾಯಿತು. ಈಗ 2.5ರಲ್ಲಿದ್ದಾರೆ. ಅಕ್ಕನನ್ನೂ ಒಮ್ಮೆ ಕರೆಸಿ ಮಾತಾಡಿದೆ. ತಂಗಿ ಮಾತು ಕಡಿಮೆ ಮಾಡಿದರೆ, ವಾರಗಟ್ಟಲೆ ಮಂಕಾಗಿದ್ದರೆ ಡಾಕ್ಟರಿಗೆ ತಿಳಿಸಿ. ಸಾಯುವ ಮಾತು ಬಂದರೆ ಒಂಟಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಿದ್ದೇನೆ.