ಕರೆಂಟ್ ಕೊಟ್ಟು ನರದ ಸಂದೇಶವನ್ನು ಸ್ವಲ್ಪ ಹೊತ್ತು ತಡೆಯಬಹುದಾ?

ತಡೆಯಬಹುದು. ಕರೆಂಟ್ ಹೊಡೆದರೆ ನರ ಜುಂ ಅನ್ನಬೇಕು, ಸುಮ್ಮನಾಗೋದು ಹೇಗೆ ಅಂತ ಅನಿಸುತ್ತದೆ ಅಲ್ವಾ? ಗುಟ್ಟು ಇರುವುದು ವೇಗದಲ್ಲಿ. ಮನೆಯ ಕರೆಂಟ್ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ನರ ತಡೆಯಲು ಬಳಸುವುದು ಸಾಮಾನ್ಯವಾಗಿ 5,000ದಿಂದ 30,000 ಹರ್ಟ್ಜ್, ಅದೂ ಕೆಲವೇ ಮಿಲಿಆಂಪಿಯರ್.

ನರತಂತುವಿನ ಗೋಡೆಯಲ್ಲಿ ಸೋಡಿಯಂ ಒಳಬಿಡುವ ಪುಟ್ಟ ಬಾಗಿಲುಗಳಿವೆ. ಅವು ಒಂದಾದ ಮೇಲೊಂದು ತೆರೆದರೆ ಸಂದೇಶ ಮುಂದೆ ಹೋಗುತ್ತದೆ. ಒಮ್ಮೆ ತೆರೆದ ಬಾಗಿಲು ಮುಚ್ಚಿಕೊಂಡು, ಸ್ವಲ್ಪ ಸುಧಾರಿಸಿಕೊಂಡ ಮೇಲಷ್ಟೇ ಮತ್ತೆ ತೆರೆಯುವುದು. ಈ ವೇಗದ ಕರೆಂಟ್ ಸುಧಾರಿಸಿಕೊಳ್ಳಲು ಬಿಡುವುದೇ ಇಲ್ಲ. ನರಕ್ಕೆ ಕರೆಂಟ್ ಮುಟ್ಟಿಸುವ ಎಲೆಕ್ಟ್ರೋಡ್ ಇರುವ ಜಾಗಕ್ಕೆ ಬಂದು ಸಂದೇಶ ನಿಂತುಬಿಡುತ್ತದೆ. ಸ್ವಿಚ್ ಆಫ್ ಮಾಡಿದರೆ ಹೆಚ್ಚಿನ ಪ್ರಯೋಗಗಳಲ್ಲಿ ಕೆಲವೇ ಸೆಕೆಂಡಿನಲ್ಲಿ ನರ ಮೊದಲಿನಂತೆ. ಹಲ್ಲು ಕೀಳಿಸಿದ ಮೇಲೆ ತುಟಿ ಗಂಟೆಗಟ್ಟಲೆ ಮರಗಟ್ಟಿರುತ್ತದಲ್ಲ, ಹಾಗಲ್ಲ.

ತೊಡಕು ಶುರುವಿನಲ್ಲೇ ಇದೆ. ಆನ್ ಮಾಡಿದ ತಕ್ಷಣ ನರ ಒಮ್ಮೆ ಜೋರಾಗಿ ಕೆರಳುತ್ತದೆ. ಸ್ನಾಯು ಸೆಟೆದುಕೊಳ್ಳುತ್ತದೆ, ನೋವೂ ಆಗಬಹುದು. ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟಿನಲ್ಲಿ ಈ ಕಾಟ ತಪ್ಪಿಸಬಹುದು, ಆದರೆ ಜಾಸ್ತಿ ಹೊತ್ತು ಕೊಟ್ಟರೆ ಎಲೆಕ್ಟ್ರೋಡ್ ಬಳಿ ರಾಸಾಯನಿಕ ಕ್ರಿಯೆ ನಡೆದು ನರಕ್ಕೇ ಪೆಟ್ಟು. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದವರು ಎರಡನ್ನೂ ಬೆರೆಸಿ ನೋಡಿದ್ದಾರೆ. ನನಗೆ ಅದೇ ಜಾಣತನದ ದಾರಿ ಅನಿಸುತ್ತದೆ.

ಇದು ಬರೀ ಲ್ಯಾಬಿನ ಮಾತಲ್ಲ. ಹೊಟ್ಟೆಗೆ ಹೋಗುವ ವೇಗಸ್ ನರವನ್ನು ಹೀಗೆ ತಡೆದು ತೂಕ ಇಳಿಸುವ ಸಾಧನಕ್ಕೆ 2015ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅಂದಹಾಗೆ, ಫಿಸಿಯೋಥೆರಪಿಯಲ್ಲಿ ಚರ್ಮಕ್ಕೆ ಅಂಟಿಸುವ ಟೆನ್ಸ್ ಯಂತ್ರ ಇದಲ್ಲ. ಅದು ನರವನ್ನು ತಡೆಯುವುದಿಲ್ಲ, ಕೆಣಕುತ್ತದೆ.