ಕೆಲಸ ಸಿಗಲಿ, ಹಾರ ಬೇಡ

ನ್ಯೂಜೆರ್ಸಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. "ನನ್ನ ಮಗ ಶಾಲೆಯ ತಂಡದಲ್ಲಿ ಬೇಸ್‌ಬಾಲ್ ಆಡುತ್ತಾನೆ. ಟಿವಿಯಲ್ಲಿ ಅಲೆಕ್ಸ್ ರೊಡ್ರಿಗಸ್ ಕೂತು ಆಟದ ಪಾಠ ಹೇಳುವುದನ್ನು ನೋಡಿದರೆ ಮೈ ಉರಿಯುತ್ತದೆ. ಉದ್ದೀಪನ ಮದ್ದು ತಗೊಂಡು, ಸುಳ್ಳು ಹೇಳಿ, ಇಡೀ ಸೀಸನ್ ಹೊರಗೆ ಕೂತ ಮನುಷ್ಯ. ಈಗ ಬಾಸ್ಕೆಟ್‌ಬಾಲ್ ತಂಡಕ್ಕೂ ಮಾಲೀಕ. ಹೀಗೆ ಸಿಕ್ಕಿಬಿದ್ದವರಿಗೆ ಭವಿಷ್ಯ ಇರಬೇಕಾ? ಮಗನಿಗೆ ಏನು ಹೇಳಲಿ?"

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಅವರ ಟಿವಿ ಕೆಲಸದ ಮೇಲೆ ನನಗೆ ಅಂಥ ತಕರಾರಿಲ್ಲ. ನನ್ನ ತಕರಾರು ಬೇರೆ ಕಡೆ ಇದೆ. ಅದಕ್ಕೆ ಮೊದಲು, ಬೇಸ್‌ಬಾಲ್ ನೋಡದ ನಮ್ಮ ಓದುಗರಿಗಾಗಿ ಕಥೆ ಹೇಳಿಬಿಡುತ್ತೇನೆ.

2000ದ ಕೊನೆಗೆ ಟೆಕ್ಸಸ್ ರೇಂಜರ್ಸ್ ತಂಡ ಈ ಹುಡುಗನನ್ನು 10 ವರ್ಷಕ್ಕೆ 25.2 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು. ಆಗ ಅವನಿಗೆ 25 ವರ್ಷ. 2007ರ ಕೊನೆಗೆ ನ್ಯೂಯಾರ್ಕ್ ಯಾಂಕೀಸ್ ಜೊತೆ ಮತ್ತೊಂದು ಒಪ್ಪಂದವಾಯಿತು, 27.5 ಕೋಟಿಗೆ. ಅದೇ ಹೊತ್ತಿಗೆ ಟಿವಿ ಸಂದರ್ಶನದಲ್ಲಿ ಮದ್ದು ಮುಟ್ಟಿಯೇ ಇಲ್ಲ ಎಂದ. 2009ರಲ್ಲಿ ಸುದ್ದಿ ಹೊರಗೆ ಬಂದಮೇಲೆ, ಹೌದು, 2001ರಿಂದ 2003ರವರೆಗೆ ತಗೊಂಡಿದ್ದೆ ಎಂದು ಒಪ್ಪಿಕೊಂಡ. ಜನ ಕ್ಷಮಿಸಿದರು. ಆ ವರ್ಷ ಯಾಂಕೀಸ್ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್‌ನ ವಾರ್ಷಿಕ ಫೈನಲ್ ಸರಣಿ ಗೆದ್ದಿತು, ಅದರಲ್ಲಿ ಅವನ ಪಾಲು ದೊಡ್ಡದಿತ್ತು. ಗೆದ್ದಾಗ ಕ್ಷಮೆ ಎಷ್ಟು ಬೇಗ ಬರುತ್ತದೆ ನೋಡಿ.

2013ರ ಜನವರಿಯಲ್ಲಿ ಮಯಾಮಿಯ ಒಂದು ವಾರಪತ್ರಿಕೆ ಬಯೋಜೆನೆಸಿಸ್ ಎಂಬ ಕ್ಲಿನಿಕ್ಕಿನ ಲೆಕ್ಕದ ಪುಸ್ತಕಗಳನ್ನು ಬಯಲಿಗೆಳೆಯಿತು. ಅದರಲ್ಲಿ ರೊಡ್ರಿಗಸ್ ಹೆಸರೂ ಇತ್ತು. ಗಮನಿಸಿ, ಈ ಪ್ರಕರಣದಲ್ಲಿ ಅವನು ಯಾವ ಪರೀಕ್ಷೆಯಲ್ಲೂ ಫೇಲಾಗಿರಲಿಲ್ಲ. ಸಿಕ್ಕಿಸಿದ್ದು ಕಾಗದಪತ್ರ, ಫೋನ್ ಮೆಸೇಜು ಮತ್ತು ಕ್ಲಿನಿಕ್ ನಡೆಸುತ್ತಿದ್ದ ಆಂಥೊನಿ ಬಾಶ್‌ನ ಸಾಕ್ಷಿ. ಆಗಸ್ಟ್‌ನಲ್ಲಿ 211 ಪಂದ್ಯಗಳ ಅಮಾನತು ಬಂತು. ಅವತ್ತೇ ಶಿಕ್ಷೆಯಾದ ಉಳಿದ ಆಟಗಾರರೆಲ್ಲ ತಲೆಬಾಗಿ ಒಪ್ಪಿಕೊಂಡರು. ಇವನೊಬ್ಬ ಹಟ ಹಿಡಿದ. ಮಧ್ಯಸ್ಥಗಾರರು ಅದನ್ನು 162ಕ್ಕೆ, ಅಂದರೆ 2014ರ ಪೂರ್ತಿ ಸೀಸನ್ನಿಗೆ ಇಳಿಸಿದರು. ಅಷ್ಟಕ್ಕೂ ಸುಮ್ಮನಾಗದೆ ಪಂದ್ಯ ನಡೆಸುವ ಮೇಜರ್ ಲೀಗ್ ಮೇಲೆ, ಕೊನೆಗೆ ತನ್ನದೇ ಆಟಗಾರರ ಸಂಘದ ಮೇಲೂ ಕೇಸು ಹಾಕಿದ. ಒಂದು ತಿಂಗಳಲ್ಲಿ ಎಲ್ಲ ವಾಪಸ್ ತಗೊಂಡ. ಮದ್ದಿಗಿಂತ ಈ ರಂಪಾಟವೇ ಅವನ ಹೆಸರನ್ನು ಜಾಸ್ತಿ ಕೆಡಿಸಿತು ಅಂತ ನನ್ನ ಲೆಕ್ಕ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಅಮಾನತು ಮುಗಿಸಿ 2015ರಲ್ಲಿ ಅವನು ವಾಪಸ್ ಬಂದದ್ದು ಯಾರ ಕರುಣೆಯಿಂದಲೂ ಅಲ್ಲ. ಬೇಸ್‌ಬಾಲ್ ಒಪ್ಪಂದಗಳಲ್ಲಿ ಸಂಬಳಕ್ಕೆ ಖಾತ್ರಿ ಇರುತ್ತದೆ. ಹೊರಗೆ ಕೂತ ದಿನಗಳ ಸಂಬಳ ಹೋಗುತ್ತದೆ, ಒಪ್ಪಂದ ಹೋಗುವುದಿಲ್ಲ. ಅವನು ಆ ವರ್ಷ ಸುಮಾರು 2.2 ಕೋಟಿ ಡಾಲರ್ ಕಳೆದುಕೊಂಡ. ಮುಂದಿನ ಮೂರು ವರ್ಷಕ್ಕೆ ಇನ್ನೂ 6.1 ಕೋಟಿ ಬರಬೇಕಿತ್ತು. ಆಡಿಸಿದರೂ ಕೊಡಬೇಕು, ಮನೆಗೆ ಕಳಿಸಿದರೂ ಕೊಡಬೇಕು. ಹಾಗಾಗಿ ಯಾಂಕೀಸ್ ಆಡಿಸಿತು. ಅಷ್ಟಾದರೂ ಮುನಿಸು ಇದ್ದೇ ಇತ್ತು. ಹಳೆಯ ದಿಗ್ಗಜ ವಿಲ್ಲಿ ಮೇಸ್ ಅವರ 660 ಹೋಮ್ ರನ್ (ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಇದ್ದಂತೆ) ಮುಟ್ಟಿದಾಗ ಕೊಡಬೇಕಿದ್ದ 60 ಲಕ್ಷ ಡಾಲರ್ ಬೋನಸ್ ಕೊಡುವುದಿಲ್ಲ ಎಂದರು. ಆಮೇಲೆ ಅದರ ಬದಲು 35 ಲಕ್ಷ ದಾನಕ್ಕೆ ಹೋಗಲಿ ಅಂತ ರಾಜಿಯಾಯಿತು.

ಆ ಸೀಸನ್ನಿನ ಮಧ್ಯೆ ಅವನಿಗೆ 40 ತುಂಬಿತು. ಹೊಡೆದ ಹೋಮ್ ರನ್ 33. ಮೂರು ಸಾವಿರನೇ ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟುವುದು) ಕೂಡ ಹೋಮ್ ರನ್ನೇ, ಜಸ್ಟಿನ್ ವರ್ಲ್ಯಾಂಡರ್ ಎಸೆತಕ್ಕೆ. ಬಾಸ್ಟನ್‌ನಲ್ಲಿ ಕೂಗಿ ಗೇಲಿ ಮಾಡಿದರು, ನ್ಯೂಯಾರ್ಕ್‌ನಲ್ಲಿ ಎದ್ದುನಿಂತು ಚಪ್ಪಾಳೆ ತಟ್ಟಿದರು. ಅವನು ಮಾತ್ರ ಆ ವರ್ಷ ಬಾಯಿ ಕಡಿಮೆ ಮಾಡಿದ್ದ. ಪಶ್ಚಾತ್ತಾಪ ನಿಜವೋ ನಾಟಕವೋ ಎಂದು ಅಳೆಯುವ ಉಸಾಬರಿ ನಮಗೆ ಬೇಡ. 2016ರ ಆಗಸ್ಟ್‌ನಲ್ಲಿ 696 ಹೋಮ್ ರನ್ನಿಗೆ ಆಟ ನಿಲ್ಲಿಸಿದ. ಟಿವಿ ಕೆಲಸ ಅಷ್ಟರಲ್ಲಿ ಶುರುವಾಗಿತ್ತು. ಬಾಸ್ಕೆಟ್‌ಬಾಲ್ ತಂಡ ಮಿನ್ನೆಸೋಟ ಟಿಂಬರ್‌ವುಲ್ವ್ಸ್‌ನ ಒಡೆತನ ಮಾರ್ಕ್ ಲೋರ್ ಜೊತೆ ಸೇರಿ 2025ರಲ್ಲಿ ಕೈಗೆ ಬಂತು.

ನನ್ನ ತಕರಾರು ಇರುವುದು ಇಲ್ಲಿ. ಸಿಕ್ಕಿಬಿದ್ದವನ ಭವಿಷ್ಯವನ್ನು ತೀರ್ಮಾನಿಸುವುದು ಅವನ ತಪ್ಪಿನ ತೂಕ ಅಲ್ಲ, ಅವನ ಒಪ್ಪಂದದ ತೂಕ. ಸ್ಯಾನ್ ಡಿಯಾಗೋದ ಫರ್ನಾಂಡೊ ಟಾಟಿಸ್ ಜೂನಿಯರ್‌ಗೆ 2022ರಲ್ಲಿ 80 ಪಂದ್ಯಗಳ ಶಿಕ್ಷೆಯಾಯಿತು. ಕೈಯಲ್ಲಿ 14 ವರ್ಷದ, 34 ಕೋಟಿ ಡಾಲರ್ ಒಪ್ಪಂದ ಇತ್ತು. ತಂಡ ಅವನನ್ನು ರೈಟ್ ಫೀಲ್ಡ್‌ಗೆ ಹಾಕಿತು, ಮರುವರ್ಷವೇ ಅವನು ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಗೆದ್ದ. ಆದರೆ ನ್ಯೂಯಾರ್ಕ್ ಮೆಟ್ಸ್ ತಂಡದ ಹೆನ್ರಿ ಮೆಹಿಯಾ ಮೂರು ಸಲ ಸಿಕ್ಕಿಬಿದ್ದು 2016ರಲ್ಲಿ ಆಜೀವ ನಿಷೇಧಕ್ಕೆ ಒಳಗಾದ. ಎರಡು ವರ್ಷದ ನಂತರ ನಿಷೇಧ ತೆಗೆದರು. ಮೇಜರ್ ಲೀಗ್‌ನಲ್ಲಿ ಅವನು ಮತ್ತೆ ಆಡಲೇ ಇಲ್ಲ. ಮೂರು ಸಲ ತಪ್ಪು ಮಾಡಿದ್ದು ನಿಜ. ಆದರೆ ಕಾಯುವುದಕ್ಕೆ ಅವನಿಗೆ ದೊಡ್ಡ ಒಪ್ಪಂದವೂ ಇರಲಿಲ್ಲ ಅಲ್ವಾ?

ನಮ್ಮ ಉಡುಪಿ ಕಡೆಯ ಅಶ್ವಿನಿ ಅಕ್ಕುಂಜಿ ನೆನಪಾಗುತ್ತಾರೆ. 2010ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರು. ಮರುವರ್ಷ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್‌ಸೆಂಗ್‌ನಲ್ಲಿ ಬೆರಕೆಯಿತ್ತು ಎಂಬ ವಾದಕ್ಕೆ ಇಲ್ಲಿ ಸ್ವಲ್ಪ ರಿಯಾಯಿತಿ ಸಿಕ್ಕಿತ್ತು. ಆದರೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಒಂದು ವರ್ಷದ ನಿಷೇಧವನ್ನು ಎರಡು ಮಾಡಿತು. ಒಳಗೆ ಹೋದದ್ದಕ್ಕೆ ಆಟಗಾರರೇ ಹೊಣೆ ಅನ್ನುವುದು ನಿಯಮ. ಅವರಿಗೆ ಖಾತ್ರಿ ಸಂಬಳ ಕೊಟ್ಟು ಕಾಯುವ ತಂಡ ಎಲ್ಲಿತ್ತು?

ಇನ್ನು ಹಾರದ ವಿಷಯ. ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಸೇರಲು ಹಿರಿಯ ಕ್ರೀಡಾ ಪತ್ರಕರ್ತರ ಶೇ. 75 ಮತ ಬೇಕು. 2022ರಲ್ಲಿ ಮೊದಲ ಸಲ ಪಟ್ಟಿಯಲ್ಲಿ ಬಂದಾಗ ರೊಡ್ರಿಗಸ್‌ಗೆ ಸಿಕ್ಕಿದ್ದು ಶೇ. 34.3. ಇದು ನನಗೆ ಸರಿ ಅನ್ನಿಸುತ್ತದೆ. ದುಡಿದು ತಿನ್ನುವ ಹಕ್ಕು ಶಿಕ್ಷೆ ಮುಗಿದ ಮೇಲೆ ಎಲ್ಲರಿಗೂ ಇದೆ, ಗೌರವ ಹಾಗಲ್ಲ, ಬೇರೆಯವರು ಮನಸ್ಸಿಟ್ಟು ಕೊಡಬೇಕು. ಹಾಗಂತ ಮತ ಹಾಕುವವರ ತಕ್ಕಡಿಯೂ ನೆಟ್ಟಗಿಲ್ಲ. 2003ರಲ್ಲಿ ಹೆಸರು ಗುಟ್ಟಾಗಿಡುವ ಭರವಸೆ ಕೊಟ್ಟು ನಡೆಸಿದ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಪೈಕಿ ಇನ್ನೊಬ್ಬ ಆಟಗಾರ ಡೇವಿಡ್ ಒರ್ಟಿಜ್ ಹೆಸರೂ ಇತ್ತೆಂದು ವರದಿಯಾಗಿತ್ತು. ಅವರು ಅದೇ 2022ರಲ್ಲಿ ಮೊದಲ ಸಲಕ್ಕೇ ಒಳಗೆ ಹೋದರು. ಮದ್ದಿಗಾಗಿ ಲೀಗ್‌ನಿಂದ ಒಂದು ದಿನವೂ ಅಮಾನತಾಗದ, 762 ಹೋಮ್ ರನ್ನಿನ ಬ್ಯಾರಿ ಬಾಂಡ್ಸ್ ಅದೇ ವರ್ಷ ಶೇ. 66ಕ್ಕೆ ನಿಂತರು, ಪತ್ರಕರ್ತರ ಮತದಲ್ಲಿ ಅದು ಅವರ ಹತ್ತನೇ ಮತ್ತು ಕೊನೆಯ ಅವಕಾಶ. ಒರ್ಟಿಜ್ ನಗುಮುಖದ ಮನುಷ್ಯ, ಬಾಂಡ್ಸ್ ಪತ್ರಕರ್ತರಿಗೆ ಮುಖ ಗಂಟಿಕ್ಕುತ್ತಿದ್ದವರು. ಇದಕ್ಕಿಂತ ಹೆಚ್ಚು ಹೇಳಲಾರೆ, ನಾನೂ ಪತ್ರಕರ್ತನೇ.

ಮಗನಿಗೆ ಇದನ್ನೆಲ್ಲ ಹೇಳಿ, ಮುಚ್ಚಿಡಬೇಡಿ. ಟಿವಿ ಆಫ್ ಮಾಡುವ ಅಗತ್ಯವೂ ಇಲ್ಲ. ಬ್ಯಾಟಿಂಗ್ ಬಗ್ಗೆ ರೊಡ್ರಿಗಸ್ ಹೇಳುವುದು ಕೇಳುವಂಥದ್ದೇ. ಮಗ ಪ್ರೋಟೀನ್ ಪುಡಿ ಬೇಕು ಎನ್ನುವ ವಯಸ್ಸಿಗೆ ಬಂದಿದ್ದರೆ ಡಬ್ಬಿಯ ಮೇಲೆ 'ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್' ಮುದ್ರೆ (ನಿಷೇಧಿತ ಮದ್ದಿಗಾಗಿ ಪರೀಕ್ಷಿಸಿದ್ದರ ಗುರುತು) ಇದೆಯಾ ನೋಡಿ ಕೊಡಿಸಿ. ಮೇಜರ್ ಲೀಗ್ ತಂಡಗಳೂ ತಮ್ಮ ಆಟಗಾರರಿಗೆ ಅಂಥದ್ದನ್ನೇ ಕೊಡುತ್ತವೆ.

— ಸಂಪಾದಕ