ಡೇಟಾಬೇಸ್, ವೆಬ್ ಪ್ರೋಗ್ರಾಮಿಂಗ್ ಕಲಿಯಲು ಪುಸ್ತಕ ಆರಿಸುವುದು ಹೇಗೆ?

ಪಿಎಚ್‌ಪಿ (ವೆಬ್ ಪುಟ ರೂಪಿಸುವ ಪ್ರೋಗ್ರಾಮಿಂಗ್ ಭಾಷೆ), ಮೈಎಸ್‌ಕ್ಯೂಎಲ್ (ಮಾಹಿತಿ ಸಂಗ್ರಹಿಸುವ ಡೇಟಾಬೇಸ್ ತಂತ್ರಾಂಶ) ಹೊಸದಾಗಿ ಕಲಿಯುವವರು ಯಾವ ಪುಸ್ತಕ ಕೊಳ್ಳಬೇಕು ಎಂಬುದು ಪ್ರಶ್ನೆ. ಮೊದಲು ಆವೃತ್ತಿಯ ವರ್ಷ ನೋಡಿ. ಮರುಮುದ್ರಣದ ವರ್ಷ ನಂಬಬೇಡಿ. ಕೋಡ್‌ನಲ್ಲಿ ಡೇಟಾಬೇಸ್‌ಗೆ ಸಂಪರ್ಕ ಕಲ್ಪಿಸುವ ‘ಮೈಎಸ್‌ಕ್ಯೂಎಲ್_ಕನೆಕ್ಟ್’ (mysql_connect) ಎಂಬ ಫಂಕ್ಷನ್ ಕಂಡರೆ ಅದು ಹಳೆಯ ಸರಕು. 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಆ ಫಂಕ್ಷನ್ ಇಲ್ಲ, ಹಾಗಾಗಿ ಮೊದಲ ಉದಾಹರಣೆಯೇ ಎರರ್ ಕೊಡುತ್ತದೆ. ಈಗ ಆ ಕೆಲಸಕ್ಕೆ ಬೇಕಿರುವುದು ಪಿಡಿಒ (PDO) ಅಥವಾ ಮೈಎಸ್‌ಕ್ಯೂಎಲ್‌ಐ (mysqli).

ಅಂಗಡಿಯಲ್ಲೇ ಲಾಗಿನ್ ಪುಟದ ಕೋಡ್ ತೆರೆದು ಓದಿ. ಫಾರ್ಮ್‌ನಲ್ಲಿ ಬಂದ ಹೆಸರನ್ನು ನೇರವಾಗಿ ಕ್ವೆರಿಗೆ (ಡೇಟಾಬೇಸ್‌ಗೆ ಕೊಡುವ ಆದೇಶಕ್ಕೆ) ಅಂಟಿಸಿದ್ದರೆ ಆ ಪುಸ್ತಕ ಬೇಡವೇ ಬೇಡ. ಹೆಸರಿನ ಜಾಗದಲ್ಲಿ ಒಂದು ಕೋಟ್ ಚಿಹ್ನೆ ಹಾಕಿ, ಮುಂದೆ ಸದಾ ನಿಜವಾಗುವ ಷರತ್ತು ಸೇರಿಸಿದವರು ಪಾಸ್‌ವರ್ಡ್ ಗೊತ್ತಿಲ್ಲದೆಯೂ ಒಳಬರಬಹುದು. ಒಳ್ಳೆಯ ಲೇಖಕರು ಶುರುವಿನಿಂದಲೇ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಆದೇಶ, ಬಳಕೆದಾರರ ಮಾಹಿತಿ ಎರಡನ್ನೂ ಬೇರೆ ಬೇರೆಯಾಗಿ ಕಳಿಸುವ ವಿಧಾನ) ಬಳಸುತ್ತಾರೆ. ಪಾಸ್‌ವರ್ಡ್ ಕಾಪಾಡಲು ಎಂಡಿ5 ಎಂಬ ಹಳೆಯ, ಸುಲಭವಾಗಿ ಭೇದಿಸಬಹುದಾದ ವಿಧಾನ ಸಾಕು ಎನ್ನುವ ಪುಸ್ತಕವನ್ನೂ ಬಿಟ್ಟುಬಿಡಿ.

ಡೇಟಾಬೇಸ್‌ಗೆ ಬೇರೆಯದೇ ಪುಸ್ತಕ ಇರಲಿ. ವೆಬ್ ಪುಸ್ತಕಗಳು ಸೆಲೆಕ್ಟ್ (ಮಾಹಿತಿ ಓದುವುದು), ಇನ್ಸರ್ಟ್ (ಸೇರಿಸುವುದು) ತೋರಿಸಿ ಮುಂದೆ ಹೋಗಿಬಿಡುವುದೇ ಹೆಚ್ಚು. ಜಾಯಿನ್ (ಟೇಬಲ್‌ಗಳನ್ನು ಜೋಡಿಸಿ ಓದುವುದು), ನಾರ್ಮಲೈಸೇಶನ್ (ಒಂದೇ ಮಾಹಿತಿ ಮತ್ತೆ ಮತ್ತೆ ಬರದಂತೆ ಟೇಬಲ್ ವಿಂಗಡಿಸುವುದು), ಇಂಡೆಕ್ಸ್ (ಬೇಗ ಹುಡುಕುವ ಸೂಚಿ), ಟ್ರಾನ್ಸಾಕ್ಷನ್‌ (ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎಂಬ ಕೆಲಸಗಳ ಗುಂಪು) ಇವುಗಳಿಗೆ ಒಂದೊಂದು ಪೂರ್ತಿ ಅಧ್ಯಾಯ ಇರಬೇಕು. ನಲ್ (ಬೆಲೆಯೇ ಇಲ್ಲದ ಖಾಲಿ ಜಾಗ) ಬಗ್ಗೆ ಏನು ಬರೆದಿದ್ದಾರೆಂದು ಪರಿವಿಡಿ ಹಿಡಿದು ಹುಡುಕಿ: ನಲ್ ಅನ್ನು ಸಮ ಚಿಹ್ನೆಯಿಂದ ಹೋಲಿಸಿದರೆ ಒಂದು ಸಾಲೂ ಬರುವುದಿಲ್ಲ, ‘ಈಸ್ ನಲ್’ ಎಂದೇ ಬರೆಯಬೇಕು. ಇದನ್ನು ಸರಿಯಾಗಿ ವಿವರಿಸಿದವರು ಉಳಿದದ್ದನ್ನೂ ಸಾಮಾನ್ಯವಾಗಿ ಎಚ್ಚರದಿಂದ ಬರೆದಿರುತ್ತಾರೆ.

ಕನ್ನಡ ತಾಣ ಕಟ್ಟುವವರು ಕನ್ನಡ ಸೇರಿ ಎಲ್ಲ ಲಿಪಿಗಳನ್ನು ಉಳಿಸಬಲ್ಲ ಯುಟಿಎಫ್8ಎಂಬಿ4 (utf8mb4) ಪ್ರಸ್ತಾಪ ಇದೆಯೇ ನೋಡಿ. ಟೇಬಲ್ ಕನ್ನಡ ಅಕ್ಷರಗಳಿಲ್ಲದ ಹಳೆಯ ಲ್ಯಾಟಿನ್1ರಲ್ಲೇ ಉಳಿದರೆ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಕಾಣಿಸಬಹುದು. ಹಾಗೆ ಪ್ರಶ್ನಾರ್ಥಕ ಚಿಹ್ನೆಗಳಾಗಿಯೇ ಸೇವ್ ಆದ ಪಠ್ಯ ಮತ್ತೆ ಸಿಗದು.